ಆರ್‌ಎಕ್ಸ್ 100 ತರ್ತೀರಾ? ಕಿಕ್ಕರ್ ಹೊಡೆಯೋ ಮುಂಚೆ ಬುಕ್ ನೋಡಿ

ತಿಪಟೂರು: ಕೊಬ್ಬರಿ ಶೆಡ್ಡಿನ ಮೂಲೆಯಲ್ಲಿ, ಖಾಲಿ ಗೋಣಿಚೀಲದ ರಾಶಿ ಕೆಳಗೆ ಹನ್ನೊಂದು ವರ್ಷ ಬಿದ್ದಿದ್ದ ಯಮಹಾ ಆರ್‌ಎಕ್ಸ್ 100 ಒಂದು ಕಳೆದ ಬೇಸಿಗೆಯಲ್ಲಿ ಹೊರಗೆ ಬಂತು. ಎರಡೂ ಟೈರ್ ನೆಲಕ್ಕೆ ಕಚ್ಚಿಕೊಂಡಿದ್ದವು, ಸೀಟಿನೊಳಗೆ ಇಲಿ ಗೂಡು ಕಟ್ಟಿತ್ತು, ಟ್ಯಾಂಕ್ ಅಲ್ಲಾಡಿಸಿದರೆ ಒಳಗೆ ಜಲ್ಲಿಕಲ್ಲು ಹಾಕಿದ ಹಾಗೆ ತುಕ್ಕಿನ ಸದ್ದು. ಕೊಂಡವರು ಪಟ್ಟಣದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ 27 ವರ್ಷದ ಯುವಕ. ಕೊಟ್ಟಿದ್ದು 38 ಸಾವಿರ ರೂಪಾಯಿ. "ಕಾರ್ಬೊರೇಟರ್ ಕ್ಲೀನ್ ಮಾಡ್ಸಿದ್ರೆ ಒಂದೇ ಕಿಕ್ಕರ್‌ಗೆ ಸ್ಟಾರ್ಟ್ ಆಗುತ್ತೆ ಕಣಪ್ಪ" ಅಂದಿದ್ದರು ಕೊಟ್ಟವರು.

ಸ್ಟಾರ್ಟ್ ಆಯ್ತು, ನಿಜ. ಆದರೆ ಅದಕ್ಕೆ ಐದು ತಿಂಗಳು ಹಿಡಿಯಿತು, ಇನ್ನೂ 35 ಸಾವಿರ ಖರ್ಚಾಯಿತು. ಈಗ ಗಾಡಿ ಹೊಸದರ ಹಾಗೆ ಮಿಂಚುತ್ತಿದೆ, ಸೌಂಡ್ ಕೂಡ ಪಕ್ಕಾ. ರಸ್ತೆಗೆ ಮಾತ್ರ ಇಳಿಸೋ ಹಾಗಿಲ್ಲ. ಯಾಕೆಂದರೆ ಆರ್‌ಸಿ ಬುಕ್‌ನಲ್ಲಿ ಮಾಲೀಕರು ಅಂತ ಇರುವ ಹೆಸರಿನ ವ್ಯಕ್ತಿ 2016ರಲ್ಲೇ ತೀರಿಕೊಂಡಿದ್ದಾರೆ.

ಇದು ಒಬ್ಬರ ಕಥೆ ಅಲ್ಲ. ತಾಲೂಕಿನಲ್ಲಿ ಹಳೆ ಆರ್‌ಎಕ್ಸ್ ಹುಡುಕುತ್ತಿರುವ ಹುಡುಗರು ಎಷ್ಟಿದ್ದಾರೋ, ಹಿತ್ತಲಲ್ಲಿ ಅಪ್ಪನ ಗಾಡಿ ಬಿಟ್ಟುಕೊಂಡು "ಯಾರಾದ್ರೂ ಬಂದ್ರೆ ಕೊಟ್ಬಿಡೋಣ" ಅಂತ ಕಾಯುವ ಮನೆಗಳೂ ಅಷ್ಟೇ ಇವೆ. ಕೊಳ್ಳುವವರು ಇಂಜಿನ್ ನೋಡುತ್ತಾರೆ, ಮಾರುವವರು ದುಡ್ಡು ನೋಡುತ್ತಾರೆ. ಕಾಗದ ಯಾರೂ ನೋಡಲ್ಲ.

ಯಾಕಿಷ್ಟು ಹುಚ್ಚು?

ಎಂಬತ್ತರ ದಶಕದ ಶುರುವಿನವರೆಗೆ ಇಲ್ಲಿ ಬೈಕ್ ಅಂದರೆ ಬುಲೆಟ್, ರಾಜದೂತ್, ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿ. ಎಲ್ಲವೂ ಭಾರದ ಗಾಡಿಗಳು. ಆಮೇಲೆ ಜಪಾನಿನ ನಾಲ್ಕು ಕಂಪನಿಗಳು ಇಲ್ಲಿನ ಕಂಪನಿಗಳ ಕೈಹಿಡಿದು 100 ಸಿಸಿ ಗಾಡಿಗಳನ್ನು ತಂದವು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷದ ಕೊನೆಗೆ ಎಸ್ಕಾರ್ಟ್ಸ್ ಕಂಪನಿಯ ಯಮಹಾ ಆರ್‌ಎಕ್ಸ್ 100, ಮರುವರ್ಷ ಬಜಾಜ್‌ನ ಕಾವಾಸಾಕಿ ಕೆಬಿ 100.

ಇವುಗಳಲ್ಲಿ ಸಿಡಿ 100 ಮೈಲೇಜಿಗೆ ಹೆಸರಾಯಿತು, ಆರ್‌ಎಕ್ಸ್ ಓಟಕ್ಕೆ ಹೆಸರಾಯಿತು. 98 ಸಿಸಿ, ಎರಡು ಸ್ಟ್ರೋಕ್, ನಾಲ್ಕು ಗೇರ್, 11 ಬಿಎಚ್‌ಪಿ. ಕೇಳೋಕೆ ದೊಡ್ಡದಲ್ಲ. ಆದರೆ ಗಾಡಿಯ ತೂಕ ನೂರು ಕೆಜಿ ಆಸುಪಾಸು ಅಷ್ಟೇ. ಹಗುರ ಗಾಡಿಗೆ ಚುರುಕು ಇಂಜಿನ್ ಸಿಕ್ಕಿದರೆ ಏನಾಗುತ್ತೆ ಅಂತ ಆ ಕಾಲದಲ್ಲಿ ಹಿಂದೆ ಕೂತು ಬಿದ್ದವರನ್ನು ಕೇಳಬೇಕು. ಶುರುವಿನ ಗಾಡಿಗಳ ಬಿಡಿಭಾಗಗಳು ಜಪಾನಿನಿಂದ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಹೊಗೆ ನಿಯಮ ಬಿಗಿಯಾಗುತ್ತಿದ್ದಂತೆ 1996ರಲ್ಲಿ ಆರ್‌ಎಕ್ಸ್ 100 ನಿಂತುಹೋಯಿತು. ಅದರ ತಮ್ಮ ಆರ್‌ಎಕ್ಸ್ 135 ಇನ್ನೂ ಕೆಲವು ವರ್ಷ ಬಂತು.

ಅಂದರೆ ಇವತ್ತು ಸಿಗುವ ಅತಿ ಹೊಸ ಆರ್‌ಎಕ್ಸ್ 100ಕ್ಕೂ ಮೂವತ್ತು ವರ್ಷದ ಆಸುಪಾಸು ವಯಸ್ಸು. ಕೊಂಡವರು ಮೊದಲು ತಲೆಯಲ್ಲಿಟ್ಟುಕೊಳ್ಳಬೇಕಾದ ಲೆಕ್ಕ ಇದು. ಮೀಟರ್‌ನಲ್ಲಿ 22 ಸಾವಿರ ಕಿ.ಮೀ. ಅಂತ ತೋರಿಸಿದರೆ ನಂಬಬೇಡಿ. ಕೇಬಲ್ ತುಂಡಾಗಿ ಎಷ್ಟು ವರ್ಷ ಆಯಿತೋ ಯಾರಿಗೆ ಗೊತ್ತು?

'ವಿಂಟೇಜ್' ಅಂತ ಮಾರ್ತಾರೆ, ಕಾನೂನು ಹಾಗನ್ನಲ್ಲ

ಆನ್‌ಲೈನ್ ಜಾಹೀರಾತುಗಳಲ್ಲಿ ಲಕ್ಷ ದಾಟಿದ ಆರ್‌ಎಕ್ಸ್‌ಗಳು ಕಾಣುತ್ತವೆ. ಎಲ್ಲದಕ್ಕೂ 'ವಿಂಟೇಜ್' ಅಂತ ಹಣೆಪಟ್ಟಿ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿ ಮಾತ್ರ ವಿಂಟೇಜ್. ಅದಕ್ಕೆ 'ವಿಎ' ಅಕ್ಷರ ಇರುವ ಬೇರೆ ನಂಬರ್ ಪ್ಲೇಟ್, ಹೊಸ ನೋಂದಣಿಗೆ 20 ಸಾವಿರ ಶುಲ್ಕ. ಅಂಥ ಗಾಡಿಯನ್ನು ದಿನಾ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ.

ಮೊಟ್ಟಮೊದಲ ಆರ್‌ಎಕ್ಸ್‌ಗೆ 50 ತುಂಬುವುದು 2035ಕ್ಕೆ. ಅಲ್ಲಿಯವರೆಗೆ ಇದು ಬರೀ ಹಳೆ ಗಾಡಿ. ಅದು ಒಳ್ಳೆಯದೇ, ದಿನಾ ಓಡಿಸಬಹುದು. ಆದರೆ 'ವಿಂಟೇಜ್' ಅನ್ನೋ ಮಾತಿಗೆ ಇಪ್ಪತ್ತು ಸಾವಿರ ಜಾಸ್ತಿ ಕೊಡಬೇಕಿಲ್ಲ.

ಇನ್ನೊಂದು ಸುಳ್ಳು ವಾಟ್ಸ್ಆಪ್‌ನಲ್ಲಿ ಆಗಾಗ ಓಡಾಡುತ್ತೆ: 15 ವರ್ಷ ಆದ ಬೈಕ್‌ಗಳನ್ನೆಲ್ಲ ಸೀಜ್ ಮಾಡ್ತಾರೆ ಅಂತ. 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಬಗ್ಗೆ ಹಸಿರು ನ್ಯಾಯಮಂಡಳಿ, ಸುಪ್ರೀಂ ಕೋರ್ಟ್ ಆದೇಶ ಬಂದಿದ್ದು ದೆಹಲಿ ಸುತ್ತಮುತ್ತಲಿಗೆ. ನಮ್ಮಲ್ಲಿ ಸ್ವಂತ ಬಳಕೆಯ ಗಾಡಿ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ ಮಾಡಿಸಿಕೊಂಡು ಓಡಿಸಬಹುದು. ಈ ಸುಳ್ಳು ನಂಬಿ ಗುಜರಿಗೆ ಹಾಕಿದವರ ಗಾಡಿಗಳೇ ಆಮೇಲೆ ಬೇರೆ ಕಡೆ ಒಳ್ಳೆ ರೇಟಿಗೆ ಹೋಗಿರುವುದೂ ಉಂಟು.

ಬುಕ್ ಇಲ್ಲದ ಗಾಡಿ ಬರೀ ಕಬ್ಬಿಣ

ನೋಡಬೇಕಾದ ಮೊದಲ ಜಾಗ ಇಂಜಿನ್ ಅಲ್ಲ, ಹ್ಯಾಂಡಲ್ ಕೆಳಗೆ ಚಾಸಿಯ ಕುತ್ತಿಗೆ. ಅಲ್ಲಿ ಚಾಸಿ ನಂಬರ್ ಪಂಚ್ ಆಗಿರುತ್ತೆ. ಇಂಜಿನ್ ನಂಬರ್ ಕ್ರ್ಯಾಂಕ್‌ಕೇಸ್ ಮೇಲಿರುತ್ತೆ. ಪೆಟ್ರೋಲಲ್ಲಿ ಬಟ್ಟೆ ಅದ್ದಿ ಉಜ್ಜಿ, ಮೇಲೆ ಹಾಳೆ ಇಟ್ಟು ಪೆನ್ಸಿಲ್ ತೀಡಿ ಪ್ರಿಂಟ್ ತೆಗೆದುಕೊಳ್ಳಿ. ಒಂದೊಂದು ಅಂಕಿಯನ್ನೂ ಬುಕ್ ಜೊತೆ ತಾಳೆ ನೋಡಿ. ಅಂಕಿಗಳು ಓರೆಕೋರೆಯಾಗಿದ್ದರೆ, ಸುತ್ತ ಫೈಲ್ ಹಾಕಿ ಉಜ್ಜಿದ ಗುರುತಿದ್ದರೆ, ಆ ಜಾಗಕ್ಕೆ ಮಾತ್ರ ಹೊಸ ಪೇಂಟ್ ಬಿದ್ದಿದ್ದರೆ ಚಹಾ ಕುಡಿದು ವಾಪಸ್ ಬನ್ನಿ. ಕದ್ದ ಗಾಡಿಯ ದಾಖಲೆ ನೋಡಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 'ವಾಹನ್ ಸಮನ್ವಯ' ಎಂಬ ಆನ್‌ಲೈನ್ ಸೇವೆ ಇದೆ. ಎರಡೂ ನಂಬರ್ ಹಾಕಿದರೆ ಸಾಕು.

ಕ್ರ್ಯಾಂಕ್‌ಕೇಸ್ ಒಡೆದು ಬೇರೆ ಗಾಡಿಯದ್ದು ಹಾಕಿದ್ದರೆ ಇಂಜಿನ್ ನಂಬರ್ ಬದಲಾಗಿರುತ್ತೆ. ಕಳ್ಳತನ ಅಲ್ಲದೇ ಇರಬಹುದು, ಆದರೆ ಬುಕ್‌ನಲ್ಲಿ ಆ ಬದಲಾವಣೆ ದಾಖಲಾಗಿರಲೇಬೇಕು. 135ರ ಇಂಜಿನ್ ಕೂರಿಸಿ 100 ಅಂತ ಓಡಿಸುವವರಿಗೂ ಇದೇ ಮಾತು.

ಬುಕ್‌ನಲ್ಲಿ ಮುಂದೆ ನೋಡಬೇಕಾದ್ದು ಮೂರು: ಯಾರ ಹೆಸರಲ್ಲಿದೆ, ಎಲ್ಲಿಯವರೆಗೆ ಚಾಲ್ತಿ, ಫೈನಾನ್ಸ್ ಕಂಪನಿಯ ಸಾಲದ ನಮೂದು ಇದೆಯಾ. ತೊಂಬತ್ತರ ದಶಕದಲ್ಲಿ ಕಂತಿನ ಮೇಲೆ ತಂದ ಗಾಡಿಗಳು ಬಹಳ. ಸಾಲ ತೀರಿ ಇಪ್ಪತ್ತೈದು ವರ್ಷವಾಗಿದ್ದರೂ ಬುಕ್‌ನಲ್ಲಿ ಎಚ್‌ಪಿ ತೆಗೆಸಿರಲ್ಲ. ಅದಕ್ಕೆ ಫಾರಂ 35 ಜೊತೆ ಆ ಫೈನಾನ್ಸ್‌ನವರ ಪತ್ರ ಬೇಕು. ಆ ಫೈನಾನ್ಸ್ ಕಂಪನಿಯೇ ಬಾಗಿಲು ಹಾಕಿದ್ದರೆ ಅಲೆದಾಟ ಶುರು.

ಇನ್ನು ಅವಧಿ. ಹೊಸ ಗಾಡಿಯ ನೋಂದಣಿ 15 ವರ್ಷಕ್ಕೆ ಇರುತ್ತೆ, ಆಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ಫಾರಂ 25 ಕೊಟ್ಟು ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಬೈಕ್‌ಗೆ ನವೀಕರಣ ಶುಲ್ಕ 1,000 ರೂ. ಆಗಿತ್ತು. 2025ರ ಆಗಸ್ಟ್‌ನಲ್ಲಿ ಬಂದ ಅಧಿಸೂಚನೆಯಲ್ಲಿ 20 ವರ್ಷ ದಾಟಿದ ಬೈಕ್‌ಗೆ 2,000 ರೂ. ಮಾಡಲಾಗಿದೆ. ಆರ್‌ಎಕ್ಸ್ 100 ಅಷ್ಟೂ ಈ ಲೆಕ್ಕಕ್ಕೇ ಬರುತ್ತವೆ. ಇದರ ಮೇಲೆ ಹಸಿರು ತೆರಿಗೆ. ಎಲ್ಲಕ್ಕಿಂತ ಹೊಡೆತ ಬೀಳುವುದು ತಡವಾದದ್ದಕ್ಕೆ: ಬೈಕ್‌ಗೆ ತಿಂಗಳಿಗೆ 300 ರೂ. ಹೆಚ್ಚುವರಿ ಎಂದು 2021ರ ಅಧಿಸೂಚನೆಯಲ್ಲಿದೆ. ಒಂದು ವರ್ಷ ತಡವಾದರೆ 3,600. ಮೂರು ವರ್ಷವಾದರೆ ಹತ್ತು ಸಾವಿರ ದಾಟುತ್ತೆ. ಹಾಗಾಗಿ ಗಾಡಿಗೆ ಅಡ್ವಾನ್ಸ್ ಕೊಡುವ ಮುಂಚೆ ಬುಕ್‌ನ ಜೆರಾಕ್ಸ್ ಹಿಡಿದು ಎಆರ್‌ಟಿಒ ಕಚೇರಿಗೆ ಹೋಗಿ "ಇದಕ್ಕೆ ಒಟ್ಟು ಎಷ್ಟಾಗುತ್ತೆ?" ಅಂತ ಕೇಳಿ. ಆ ಮೊತ್ತವನ್ನು ಗಾಡಿ ರೇಟಿನಲ್ಲಿ ಮುರಿದುಕೊಳ್ಳಿ. ಇದು ಜಿಪುಣತನ ಅಲ್ಲ, ನ್ಯಾಯವಾದ ಲೆಕ್ಕ.

'ಕೆಎ' ಅಂತ ಶುರುವಾಗದ, ಅದಕ್ಕೂ ಹಿಂದಿನ ಸೀರೀಸ್ ನಂಬರ್ ಇರುವ ಗಾಡಿಯಾದರೆ ಇನ್ನೊಂದು ವಿಷಯ ಕೇಳಿ: ಕಂಪ್ಯೂಟರ್‌ನಲ್ಲಿ ಗಾಡಿ ಇದೆಯಾ? ಮೊಬೈಲ್‌ನ ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹೊಡೆದರೆ ಏನೂ ಬರದಿದ್ದರೆ, ಹಳೆ ರಿಜಿಸ್ಟರ್‌ನಿಂದ ಹುಡುಕಿ ಕಂಪ್ಯೂಟರ್‌ಗೆ ಏರಿಸಬೇಕಾಗುತ್ತೆ. ಅದಾಗದೆ ವರ್ಗಾವಣೆ, ನವೀಕರಣ ಯಾವುದೂ ಮುಂದಕ್ಕೆ ಹೋಗಲ್ಲ. ತಮಿಳುನಾಡು, ಆಂಧ್ರ ನಂಬರ್ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಫಾರಂ 28ರ ಎನ್‌ಒಸಿ ಜೊತೆಗೆ ಇಲ್ಲಿನ ತೆರಿಗೆಯೂ ಕಟ್ಟಬೇಕು. ಅಗ್ಗ ಅಲ್ಲೇ ಮುಗಿಯಿತು.

ಮಾರುವವರೂ ಕೇಳಿಸಿಕೊಳ್ಳಿ

ಹಿತ್ತಲಿನ ಗಾಡಿ ಕೊಟ್ಟು ದುಡ್ಡು ಎಣಿಸಿಕೊಂಡ ಮೇಲೆ ತಮ್ಮ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಬಿಳಿ ಹಾಳೆ ಮೇಲೆ "ಈ ದಿನ ಗಾಡಿ ಕೊಟ್ಟಿರುತ್ತೇನೆ" ಅಂತ ಬರೆಸಿ ಸಹಿ ಹಾಕಿಸಿಕೊಂಡರೆ ಆಗಲ್ಲ. ಫಾರಂ 29ರಲ್ಲಿ ಮಾರಾಟದ ಮಾಹಿತಿ ಕೊಡಬೇಕು, ರಾಜ್ಯದ ಒಳಗೇ ಆದರೆ 14 ದಿನದೊಳಗೆ. ಕೊಂಡವರು ಫಾರಂ 30ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು.

ಮಾಡಿಸದಿದ್ದರೆ ಏನಾಗುತ್ತೆ? ಗಾಡಿ ಕೈ ಬದಲಾಗಿ, ಆಮೇಲೆ ಇನ್ನೂ ಮೂರು ಕೈ ದಾಟಿ, ಎಲ್ಲೋ ಅಪಘಾತವಾದರೆ ನೋಟಿಸ್ ಬರುವುದು ದಾಖಲೆಯಲ್ಲಿ ಹೆಸರಿರುವವರಿಗೆ. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಪ್ರಕರಣದಲ್ಲಿ ಇದನ್ನು ಸ್ಪಷ್ಟ ಮಾಡಿದೆ: ವರ್ಗಾವಣೆ ದಾಖಲಾಗುವವರೆಗೆ ನೋಂದಾಯಿತ ಮಾಲೀಕರೇ ಮಾಲೀಕರು, ಪರಿಹಾರದ ಹೊಣೆಯೂ ಅವರದ್ದೇ. ಇನ್ಶೂರೆನ್ಸ್ ಇಲ್ಲದ ಗಾಡಿಯಾದರೆ ಜಮೀನಿನವರೆಗೂ ಹೋಗಬಹುದಾದ ಮಾತು ಇದು. ಮೂವತ್ತು ಸಾವಿರದ ಗಾಡಿಗೆ.

ಮಾಲೀಕರು ತೀರಿಕೊಂಡಿದ್ದರೆ ದಾರಿ ಇನ್ನಷ್ಟು ಉದ್ದ. ಗಾಡಿ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಫಾರಂ 31. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಇವೆಲ್ಲ ಸೇರಬೇಕು. ಆಮೇಲೆ ಅವರಿಂದ ಕೊಂಡವರ ಹೆಸರಿಗೆ. ಮಕ್ಕಳಲ್ಲಿ ಒಬ್ಬರು ಮಾತ್ರ ಊರಲ್ಲಿದ್ದು ಗಾಡಿ ಕೊಟ್ಟುಬಿಟ್ಟರೆ, ಉಳಿದವರ ಸಹಿ ತರುವಷ್ಟರಲ್ಲಿ ಹೊಸ ಪೇಂಟ್ ಮಾಸಿರುತ್ತೆ.

ಎರಡು ಸ್ಟ್ರೋಕಿನ ಗುಟ್ಟು

ಈಗ ಇಂಜಿನ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇದು ಗೊತ್ತಿದ್ದರೆ ಮೆಕ್ಯಾನಿಕ್ ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಬೇಕಾಗಲ್ಲ.

ಈಗಿನ ಸ್ಪ್ಲೆಂಡರ್, ಶೈನ್‌ನಂಥ ನಾಲ್ಕು ಸ್ಟ್ರೋಕ್ ಗಾಡಿಯಲ್ಲಿ ಇಂಜಿನ್ ಆಯಿಲ್ ಕೆಳಗೆ ತುಂಬಿರುತ್ತೆ, ಅದೇ ಪಿಸ್ಟನ್, ಬೇರಿಂಗ್ ಎಲ್ಲದಕ್ಕೂ ಸಿಗುತ್ತೆ. ಆರ್‌ಎಕ್ಸ್‌ನಲ್ಲಿ ಹಾಗಿಲ್ಲ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೋಣೆಗೆ ಹೋಗಿ, ಅಲ್ಲಿಂದ ಒತ್ತಡದಲ್ಲಿ ಮೇಲಕ್ಕೆ ಏರಿ ಉರಿಯುತ್ತೆ. ಆ ಮಿಶ್ರಣದ ಜೊತೆ ಬರುವ ಒಂದಿಷ್ಟು 2ಟಿ ಆಯಿಲ್ ಬಿಟ್ಟರೆ ಕ್ರ್ಯಾಂಕ್‌ಗೂ ಪಿಸ್ಟನ್‌ಗೂ ಬೇರೆ ಎಣ್ಣೆ ಇಲ್ಲ. ಕೆಳಗೆ ಹಾಕುವ ಗೇರ್ ಆಯಿಲ್ ಗೇರ್ ಮತ್ತು ಕ್ಲಚ್‌ಗೆ ಮಾತ್ರ.

ಹಾಗಾಗಿ ಕ್ರ್ಯಾಂಕ್ ಕೋಣೆಯಲ್ಲಿ ಎಲ್ಲೂ ಗಾಳಿ ಸೋರಬಾರದು. ಅದನ್ನು ಕಾಯುವುದು ಕ್ರ್ಯಾಂಕ್‌ನ ಎರಡೂ ತುದಿಯ ರಬ್ಬರ್ ಸೀಲುಗಳು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಈ ರಬ್ಬರ್ ಒಣಗಿ ಬಿಸ್ಕತ್ತಿನ ಹಾಗಾಗಿರುತ್ತೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತೆ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಗಾಡಿ ಆಕ್ಸಿಲರೇಟರ್ ಬಿಟ್ಟರೂ ಕಿರುಚುತ್ತಲೇ ಇರುತ್ತೆ, ಬಿಸಿ ಏರುತ್ತೆ, ಕೊನೆಗೆ ಪಿಸ್ಟನ್ ಸೀಜ್. ಕ್ಲಚ್ ಕಡೆಯ ಸೀಲ್ ಹೋದರೆ ಉಲ್ಟಾ: ಗೇರ್ ಆಯಿಲನ್ನು ಇಂಜಿನ್ ಹೀರಿಕೊಂಡು ಉರಿಸುತ್ತೆ. ಗಾಡಿ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಗೇರ್ ಆಯಿಲ್ ತಂತಾನೇ ಕಮ್ಮಿಯಾಗುತ್ತಿದ್ದರೆ ಇದೇ ಕಾಯಿಲೆ. "ಟೂ ಸ್ಟ್ರೋಕ್ ಅಂದ್ಮೇಲೆ ಹೊಗೆ ಬರ್ದೆ ಇರುತ್ತಾ" ಅಂತ ಮಾರುವವರು ಹೇಳಿದರೆ, ಸ್ಟಾರ್ಟ್ ಮಾಡಿದಾಗಿನ ಹೊಗೆ ಬೇರೆ, ಹತ್ತು ನಿಮಿಷದ ಮೇಲಿನ ಹೊಗೆ ಬೇರೆ ಅಂತ ನೆನಪಿರಲಿ.

ಅದಕ್ಕೇ ಗಾಡಿ ನೋಡಲು ಹೋಗುವಾಗ "ಇಂಜಿನ್ ತಣ್ಣಗಿರಲಿ, ನಾನು ಬಂದ ಮೇಲೆ ಸ್ಟಾರ್ಟ್ ಮಾಡಿ" ಅಂತ ಮೊದಲೇ ಹೇಳಿ. ಮುಟ್ಟಿ ನೋಡಿ. ಬಿಸಿಯಿದ್ದರೆ ಅವರು ಬೆಳಗಿಂದ ಒದ್ದಾಡಿದ್ದಾರೆ ಅಂತ ಅರ್ಥ. ಕಿಕ್ಕರ್ ಕೈಯಲ್ಲೇ ಒತ್ತಿದರೆ ಕೆಳಗಿಳಿದುಬಿಟ್ಟರೆ ಕಂಪ್ರೆಶನ್ ಇಲ್ಲ. ಕಿಕ್ಕರ್ ಅಲ್ಲಾಡದೇ ಇದ್ದರೆ ಪಿಸ್ಟನ್ ಅಂಟಿಕೊಂಡಿದೆ. ಅಂಥದ್ದಕ್ಕೆ ಕಾಲಲ್ಲಿ ಜೋರಾಗಿ ತುಳಿಯಬಾರದು, ಪ್ಲಗ್ ಬಿಚ್ಚಿ ಒಳಗೆ ಸ್ವಲ್ಪ ಆಯಿಲ್ ಬಿಟ್ಟು ಒಂದೆರಡು ದಿನ ಹಾಗೇ ಬಿಡಬೇಕು. ಮೊಬೈಲ್ ಅಂಗಡಿಯ ಯುವಕ ತುಳಿದರು, ಕಿಕ್ಕರ್ ಗೇರ್ ಹಲ್ಲು ಹೋಯಿತು.

ಓಡುವ ಗಾಡಿಯಾದರೆ ಕೆಳಗಿನಿಂದ ಬರುವ ಸದ್ದು ಕೇಳಿ. ಮೇಲಿನ ಟಿಕ್ ಟಿಕ್ ಪಿಸ್ಟನ್ ಸವೆತ, ಅದು ಬೋರ್ ಮಾಡಿಸಿದರೆ ಸರಿಹೋಗುತ್ತೆ. ಕೆಳಗಿನ ಗಡಗಡ ಕನೆಕ್ಟಿಂಗ್ ರಾಡ್‌ನದ್ದು, ಅದಕ್ಕೆ ಇಂಜಿನ್ ಪೂರ್ತಿ ಬಿಚ್ಚಬೇಕು. ರೇಟಿನಲ್ಲಿ ಅಜಗಜಾಂತರ.

ಬೋರ್ ವಿಷಯ: ಕಂಪನಿಯಿಂದ ಬಂದಾಗ ಸಿಲಿಂಡರ್ 50 ಮಿ.ಮೀ. ಇರುತ್ತೆ. ಸವೆದಾಗ ಲೇತ್‌ನಲ್ಲಿ ಕಾಲು ಕಾಲು ಮಿಲಿಮೀಟರ್ ಹಿಗ್ಗಿಸಿ ದೊಡ್ಡ ಪಿಸ್ಟನ್ ಹಾಕುತ್ತಾರೆ: 0.25, 0.50, 0.75, 1.00. ಅಲ್ಲಿಗೆ ಮುಗಿಯಿತು. ಆಮೇಲೆ ಹೊಸ ಸ್ಲೀವ್, ಇಲ್ಲಾ ಬೇರೆ ಬ್ಲಾಕ್. ಹೆಡ್ ಬಿಚ್ಚಿಸಲು ಮಾರುವವರು ಒಪ್ಪಿದರೆ ಪಿಸ್ಟನ್ ತಲೆ ಮೇಲಿನ ಅಂಕಿ ನೋಡಿ. 100 ಅಂತ ಇದ್ದರೆ ಆ ಬ್ಲಾಕ್‌ನ ಆಯಸ್ಸು ಮುಗಿದಿದೆ. ಬೋರ್ ಮಾಡಿಸಿದ ಮೇಲೆ ಮೊದಲ ಐನೂರು, ಸಾವಿರ ಕಿ.ಮೀ. ಮೆಲ್ಲಗೆ ಓಡಿಸಬೇಕು. ಹೊಸ ಬೋರ್ ಹಾಕಿಸಿದ ಸಂಜೆಯೇ ಹೈವೇಯಲ್ಲಿ 90 ನೋಡಲು ಹೋಗಿ ತಳ್ಳಿಕೊಂಡು ಬಂದವರು ಎಲ್ಲಾ ಊರಲ್ಲೂ ಸಿಗುತ್ತಾರೆ.

ಆಯಿಲ್ ಪಂಪ್ ಕಿತ್ತಾಕಬೇಕಾ?

ಆರ್‌ಎಕ್ಸ್‌ನಲ್ಲಿ 2ಟಿ ಆಯಿಲ್‌ಗೆ ಬೇರೆ ಟ್ಯಾಂಕ್, ಅದನ್ನು ಅಳತೆಯಾಗಿ ಇಂಜಿನ್‌ಗೆ ಕಳಿಸುವ ಪಂಪ್ ಇದೆ. ಆಕ್ಸಿಲರೇಟರ್ ಕೊಟ್ಟಷ್ಟೂ ಆಯಿಲ್ ಜಾಸ್ತಿ ಹೋಗುತ್ತೆ. ಚೆನ್ನಾಗಿರೋ ವ್ಯವಸ್ಥೆ. ಆದರೆ ನಿಂತ ಗಾಡಿಯಲ್ಲಿ ಪೈಪ್‌ನೊಳಗೆ ಗಾಳಿ ತುಂಬಿಕೊಂಡಿರುತ್ತೆ. ಅದನ್ನು ಹೊರಗೆ ತೆಗೆಯದೆ ಸ್ಟಾರ್ಟ್ ಮಾಡಿದರೆ ಆಯಿಲ್ ಹೋಗುವ ಮುಂಚೆಯೇ ಪಿಸ್ಟನ್ ಹಿಡಿದುಕೊಳ್ಳುತ್ತೆ. ಈ ತಲೆನೋವು ಬೇಡ ಅಂತ ಪಂಪ್ ಬಿಚ್ಚಿ, ಪೆಟ್ರೋಲ್ ಟ್ಯಾಂಕ್‌ಗೇ ಆಯಿಲ್ ಸುರಿಯಿರಿ ಅನ್ನುವ ಮೆಕ್ಯಾನಿಕ್‌ಗಳು ಬಹಳ. ಲೀಟರ್‌ಗೆ 30ರಿಂದ 40 ಮಿ.ಲೀ. ಲೆಕ್ಕ.

ಎರಡೂ ನಡೆಯುತ್ತೆ. ಒಂದು ಅಪಾಯ ಮಾತ್ರ ಇದೆ. ಪಂಪ್ ಇಲ್ಲದ ಗಾಡಿಯನ್ನು ತಮ್ಮನೋ ಸ್ನೇಹಿತನೋ ತೆಗೆದುಕೊಂಡು ಹೋಗಿ ಬರೀ ಪೆಟ್ರೋಲ್ ಹಾಕಿಸಿದರೆ ಮುಗಿಯಿತು, ಅದೇ ದಿನ ಬೋರ್ ಖರ್ಚು. ಗಾಡಿ ಕೊಳ್ಳುವಾಗ "ಪಂಪ್ ಇದೆಯಾ, ತೆಗೆದಿದ್ದೀರಾ?" ಅಂತ ಕೇಳಲೇಬೇಕು. ಇಬ್ಬರು ಮೂವರು ಓಡಿಸುವ ಮನೆಯಾದರೆ ಪಂಪ್ ಇಟ್ಟುಕೊಳ್ಳುವುದೇ ವಾಸಿ.

ಪೆಟ್ರೋಲ್ ಬಗ್ಗೆಯೂ ಒಂದು ಮಾತು. ಈಗ ಬಂಕ್‌ಗಳಲ್ಲಿ ಬರುವುದು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರಿನಂಶ ಹೀರುತ್ತೆ, ಹಳೆ ಕಾಲದ ರಬ್ಬರ್ ಪೈಪು, ವಾಷರ್‌ಗಳನ್ನು ಮೆತ್ತಗೆ ಮಾಡುತ್ತೆ. ಮೂವತ್ತು ವರ್ಷದ ಹಿಂದೆ ಮಾಡಿದ ರಬ್ಬರ್‌ಗೆ ಇದು ಒಗ್ಗಲ್ಲ. ಪೆಟ್ರೋಲ್ ಪೈಪ್, ಕಾಕ್ ವಾಷರ್, ಕಾರ್ಬೊರೇಟರ್ ಕಿಟ್ ಹೊಸದು ಹಾಕಿಸಿ. ವಾರಗಟ್ಟಲೆ ನಿಲ್ಲಿಸುವುದಾದರೆ ಕಾಕ್ ಆಫ್ ಮಾಡಿ ಕಾರ್ಬೊರೇಟರ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ. ಟ್ಯಾಂಕ್ ಒಳಗಿನ ತುಕ್ಕನ್ನೂ ಹಾಗೇ ಬಿಡಬೇಡಿ. ಒಂದು ಕಣ ಜೆಟ್‌ಗೆ ಸಿಕ್ಕಿಹಾಕಿಕೊಂಡರೆ ಪೆಟ್ರೋಲ್ ಕಮ್ಮಿಯಾಗಿ ಮತ್ತೆ ಅದೇ ಸೀಜ್ ಕಥೆ. ಹಳೆ ಚೈನ್ ತುಂಡು, ಡೀಸೆಲ್ ಹಾಕಿ ಕುಲುಕಿ ಕುಲುಕಿ ತೊಳೆಯುವುದು ನಮ್ಮ ಮೆಕ್ಯಾನಿಕ್‌ಗಳ ಹಳೆ ವಿದ್ಯೆ, ಈಗಲೂ ನಡೆಯುತ್ತೆ.

'ಜಪಾನ್ ಮಾಲು' ಮತ್ತು ಡೂಪ್ಲಿಕೇಟ್ ಮಾಲು

ಕೆಲವು ಭಾಗಗಳ ಮೇಲೆ 'ಜಪಾನ್' ಅಂತ ಅಚ್ಚು ಇರುತ್ತೆ. ಅದನ್ನು ತೋರಿಸಿ "ಇದು ಜಪಾನ್ ಇಂಜಿನ್, ರೇಟ್ ಬೇರೆ" ಅನ್ನುವವರಿದ್ದಾರೆ. ಒಂದು ಭಾಗದ ಮೇಲೆ ಅಚ್ಚಿದ್ದರೆ ಆ ಭಾಗ ಅಲ್ಲಿಯದು ಅಷ್ಟೇ. ಮೂವತ್ತು ವರ್ಷದಲ್ಲಿ ಎಷ್ಟು ಇಂಜಿನ್‌ಗಳ ಭಾಗ ಎಷ್ಟು ಇಂಜಿನ್‌ಗೆ ಹೋಗಿದೆಯೋ. ಅಚ್ಚಿಗೆ ದುಡ್ಡು ಕೊಡುವ ಬದಲು ಕೆಲಸಕ್ಕೆ ದುಡ್ಡು ಕೊಡಿ.

ಸ್ಪೇರ್ ಸಿಗುತ್ತಾ ಅನ್ನುವ ಪ್ರಶ್ನೆಗೆ ಉತ್ತರ: ಸಿಗುತ್ತೆ, ಬೇಕಾದ್ದಕ್ಕಿಂತ ಜಾಸ್ತಿಯೇ ಸಿಗುತ್ತೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ದೆಹಲಿಯ ಕರೋಲ್ ಬಾಗ್‌ವರೆಗೆ ಹೊಸದಾಗಿ ಮಾಡಿದ ಟ್ಯಾಂಕು, ಸೈಡ್ ಪ್ಯಾನಲ್, ಮೀಟರ್ ಎಲ್ಲವೂ ಇದೆ. ಗುಣಮಟ್ಟವೇ ತೊಂದರೆ. ಸೈಡ್ ಪ್ಯಾನಲ್ ಡೂಪ್ಲಿಕೇಟ್ ಆದರೆ ನೋಡೋಕೆ ಸ್ವಲ್ಪ ಓರೆ ಕಾಣಬಹುದು, ಪರವಾಗಿಲ್ಲ. ಪಿಸ್ಟನ್, ರಾಡ್ ಕಿಟ್, ಬೇರಿಂಗ್, ಸೀಲ್ ಇವುಗಳಲ್ಲಿ ಇನ್ನೂರು ಮುನ್ನೂರು ಉಳಿಸಲು ಹೋಗಬೇಡಿ. ಹಳೆ ಭಾಗಗಳನ್ನು ಎಸೆಯಲೂ ಬೇಡಿ. ಸವೆದ ಒರಿಜಿನಲ್ ಹ್ಯಾಂಡಲ್ ಸ್ವಿಚ್, ಹೊಸ ಡೂಪ್ಲಿಕೇಟ್‌ಗಿಂತ ಎಷ್ಟೋ ಸಲ ಗಟ್ಟಿ.

ಟೈರ್ ಮುಂದೆ 2.50-18, ಹಿಂದೆ 2.75-18. ದಪ್ಪ ಟೈರ್ ಹಾಕಿದರೆ ನೋಟ ಬರಬಹುದು, ಗಾಡಿಯ ಓಟ ಹೋಗುತ್ತೆ. ಬ್ರೇಕ್ ಎರಡೂ ಡ್ರಮ್ಮೇ. ಇಂಜಿನ್‌ಗೆ ಸುರಿದ ದುಡ್ಡಿನಲ್ಲಿ ಒಂದು ಪಾಲು ಬ್ರೇಕ್ ಶೂ, ಕೇಬಲ್, ಸ್ಪೋಕ್‌ಗೂ ಇರಲಿ. ಪೇಂಟ್ ಕೊನೆಗೆ. ಮೊದಲೇ ಪೇಂಟ್ ಹೊಡೆಸಿ ಆಮೇಲೆ ಇಂಜಿನ್ ಇಳಿಸಿದರೆ ಸ್ಪ್ಯಾನರ್ ಗೀರು ಗ್ಯಾರಂಟಿ.

ಸೌಂಡ್‌ಗಾಗಿ ಸೈಲೆನ್ಸರ್ ಮುಟ್ಟಬೇಡಿ

ಸೈಲೆನ್ಸರ್ ಒಳಗಿನ ಬ್ಯಾಫಲ್ ಕಿತ್ತರೆ ಸೌಂಡ್ ಜೋರಾಗುತ್ತೆ, ಓಟ ಕಮ್ಮಿಯಾಗುತ್ತೆ. ಎರಡು ಸ್ಟ್ರೋಕ್ ಗಾಡಿಗೆ ಸೈಲೆನ್ಸರ್ ಒಳಗಿನ ಒತ್ತಡ ಇಂಜಿನ್‌ನ ಒಂದು ಭಾಗದ ಹಾಗೆ. ಹಳೆ ಸೈಲೆನ್ಸರ್‌ನೊಳಗೆ ಕಟ್ಟಿಕೊಂಡ ಮಸಿ ಸುಟ್ಟು ತೆಗೆಸಿದರೆ ಸಾಕು, ಗಾಡಿಗೆ ಉಸಿರು ಬರುತ್ತೆ. ಕರ್ಕಶ ಸೈಲೆನ್ಸರ್‌ಗಳನ್ನು ಪೊಲೀಸರು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ವಿಡಿಯೊಗಳನ್ನು ಎಲ್ಲರೂ ನೋಡಿದ್ದಾರೆ. ಅದರಲ್ಲಿ ಒರಿಜಿನಲ್ ಆರ್‌ಎಕ್ಸ್ ಸೈಲೆನ್ಸರ್ ಒಂದು ಹೋದರೆ ಹೊಟ್ಟೆ ಉರಿಯುತ್ತೆ.

ಎಮಿಷನ್ ಟೆಸ್ಟ್‌ಗೆ ಹೆದರುವವರೂ ಇದ್ದಾರೆ. 2000ನೇ ಇಸವಿ ಮಾರ್ಚ್‌ವರೆಗೆ ತಯಾರಾದ ಬೈಕ್‌ಗಳಿಗೆ ಮಿತಿ ಬೇರೆಯೇ ಇದೆ: ಕಾರ್ಬನ್ ಮಾನಾಕ್ಸೈಡ್ ಶೇ 4.5, ಹೈಡ್ರೋಕಾರ್ಬನ್ 9,000 ಪಿಪಿಎಂ. ಸೀಲ್ ಸರಿಯಿದ್ದು, ಕಾರ್ಬೊರೇಟರ್ ಟ್ಯೂನ್ ಆಗಿದ್ದರೆ ಭಯಪಡಬೇಕಾದ್ದಿಲ್ಲ.

ಆ ಗಾಡಿ ಈಗ ಎಲ್ಲಿದೆ?

ಕೊಬ್ಬರಿ ಶೆಡ್ಡಿನ ಆರ್‌ಎಕ್ಸ್‌ಗೆ ಇಂಜಿನ್ ಕೆಲಸ 14,500, ಟ್ಯಾಂಕ್, ಪೇಂಟ್, ಕ್ರೋಮ್ 11 ಸಾವಿರ, ಟೈರ್, ಬ್ರೇಕ್, ವೈರಿಂಗ್, ಕೇಬಲ್ 9,500 ಆಯಿತು. ಗಾಡಿಯ ರೇಟ್ ಸೇರಿ 73 ಸಾವಿರ. ನವೀಕರಣ, ತಡದ ಹೆಚ್ಚುವರಿ, ವರ್ಗಾವಣೆ ಇದರಲ್ಲಿ ಸೇರಿಲ್ಲ. ನೋಂದಣಿ ಅವಧಿ ಮುಗಿದಿದ್ದೇ 2014ರಲ್ಲಿ. ತಪಾಸಣೆಗೆ ಕಚೇರಿವರೆಗೂ ಓಡಿಸಿಕೊಂಡು ಹೋಗುವಂತಿಲ್ಲ, ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗಬೇಕು.

ಮೂಲ ಮಾಲೀಕರಿಗೆ ಮೂವರು ಮಕ್ಕಳು. ಗಾಡಿ ಕೊಟ್ಟಿದ್ದು ಊರಲ್ಲೇ ತೋಟ ನೋಡಿಕೊಂಡಿರುವ ಕಿರಿಯವರು. ಅರಸೀಕೆರೆಯಲ್ಲಿರುವ ಮಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಟ್ಟಿದ್ದಾರೆ. ಬೆಂಗಳೂರಿನಲ್ಲಿರುವ ಹಿರಿಯವರಿಗೆ ವಿಷಯ ಗೊತ್ತಾಗಿದ್ದು ಗಾಡಿಯ ವಿಡಿಯೊ ವಾಟ್ಸ್ಆಪ್‌ನಲ್ಲಿ ಬಂದ ಮೇಲೆ. "ಅಪ್ಪನ ಗಾಡಿ ಕೊಡೋ ಮುಂಚೆ ನನ್ಗೊಂದು ಮಾತು ಹೇಳ್ಬಾರ್ದಾಗಿತ್ತೇನೋ" ಅಂತ ತಮ್ಮನ ಮೇಲೆ ಸಿಟ್ಟಾಗಿದ್ದಾರೆ. ದುಡ್ಡು ವಾಪಸ್ ಕೊಡ್ತೀನಿ, ಗಾಡಿ ಕೊಡಿ ಅಂತಲೂ ಒಂದು ಸಲ ಕೇಳಿದ್ದಾರೆ. 38 ಸಾವಿರವಾ, 73 ಸಾವಿರವಾ ಅಂತ ಈ ಕಡೆಯಿಂದ ಕೇಳಿದ್ದಕ್ಕೆ ಫೋನ್ ಇಟ್ಟಿದ್ದಾರೆ.

ಹಬ್ಬಕ್ಕೆ ಊರಿಗೆ ಬಂದಾಗ ಗಾಡಿ ನೋಡಿ ತೀರ್ಮಾನ ಹೇಳ್ತೀನಿ ಅಂತ ಹಿರಿಯವರು ಹೇಳಿ ಕಳಿಸಿದ್ದಾರಂತೆ. ಅಲ್ಲಿಯವರೆಗೆ ಗಾಡಿ ಮೊಬೈಲ್ ಅಂಗಡಿ ಹಿಂದಿನ ಗೋಡೌನ್‌ನಲ್ಲಿ ನಿಂತಿದೆ. ಯುವಕ ಭಾನುವಾರ ಬೆಳಗ್ಗೆ ಶಟರ್ ಅರ್ಧ ಎತ್ತಿ, ಸ್ಟಾರ್ಟ್ ಮಾಡಿ, ಐದು ನಿಮಿಷ ಓಡಿಸಿ, ಕಾಕ್ ಆಫ್ ಮಾಡಿ ಕಾರ್ಬೊರೇಟರ್ ಖಾಲಿ ಮಾಡಿಸಿ ಮತ್ತೆ ಬಟ್ಟೆ ಹೊದಿಸುತ್ತಾರೆ. ಸೌಂಡ್ ಕೇಳಿ ಎದುರಿನ ಬೇಕರಿಯವರು ಈಚೆ ಬಂದು ನಿಲ್ಲುತ್ತಾರೆ.